ಚಿಪ್‌ಗೆ ಬೇರೆ ಭಾಷೆ ಕಲಿಸಬಹುದೇ? ಮೈಕ್ರೋಕೋಡ್ ಮತ್ತು ಎಮ್ಯುಲೇಶನ್‌ನ ಹಳೆಯ ಆಸೆ

2025ರ ಮಾರ್ಚ್ ತಿಂಗಳಲ್ಲಿ ಗೂಗಲ್‌ನ ಭದ್ರತಾ ಸಂಶೋಧಕರು ಎಎಮ್‌ಡಿ ಕಂಪನಿಯ ಜೆನ್ ಸರಣಿಯ ಪ್ರೊಸೆಸರ್‌ಗಳ ಕುರಿತು ಒಂದು ವಿವರವಾದ ವರದಿಯನ್ನೂ ಅದರ ಜೊತೆಗೆ ಕೆಲವು ಸಾಧನಗಳನ್ನೂ ಬಿಡುಗಡೆ ಮಾಡಿದರು. ಅವರು ‘ಎಂಟ್ರಿಸೈನ್’ ಎಂದು ಹೆಸರಿಟ್ಟ ದೋಷವನ್ನು ಬಳಸಿಕೊಂಡರೆ ಪ್ರೊಸೆಸರ್‌ನ ಮೈಕ್ರೋಕೋಡನ್ನು, ಅಂದರೆ ಚಿಪ್ ತನಗೆ ಬಂದ ಆದೇಶಗಳನ್ನು ಹೇಗೆ ನಡೆಸಬೇಕೆಂದು ತಿಳಿಸುವ ತೀರ ಒಳಪದರದ ಸಂಕೇತವನ್ನು, ತಯಾರಕರ ಒಪ್ಪಿಗೆಯಿಲ್ಲದೆ ತಿದ್ದಬಹುದಾಗಿತ್ತು. ಪ್ರಾತ್ಯಕ್ಷಿಕೆಗೆ ಅವರು ಆರಿಸಿಕೊಂಡದ್ದು ಯಾದೃಚ್ಛಿಕ ಸಂಖ್ಯೆಯನ್ನು ಕೊಡುವ ಆದೇಶವನ್ನು. ತಿದ್ದುಪಡಿಯ ನಂತರ ಆ ಆದೇಶ ಎಷ್ಟು ಸಲ ಕೇಳಿದರೂ 4 ಎಂದೇ ಉತ್ತರಿಸುತ್ತಿತ್ತು.

ಸುದ್ದಿ ಹೊರಬಿದ್ದ ಕೆಲವೇ ವಾರಗಳಲ್ಲಿ ಚೀನಾದ ರಿಸ್ಕ್-ಫೈವ್ (ಯಾರು ಬೇಕಾದರೂ ಬಳಸಬಹುದಾದ ಮುಕ್ತ ಆದೇಶಭಾಷೆ) ಆಸಕ್ತರ ವಲಯದಿಂದ ಒಂದು ಸ್ಪರ್ಧೆಯ ಪ್ರಕಟಣೆ ಬಂತು. ಜೆನ್ ಚಿಪ್‌ನ ಮೈಕ್ರೋಕೋಡನ್ನು ತಿದ್ದಿ, ಅದರ ಮೇಲೆ ರಿಸ್ಕ್-ಫೈವ್ ಪ್ರೋಗ್ರಾಮುಗಳನ್ನು ನೇರವಾಗಿ ಓಡಿಸಿ ತೋರಿಸಿದವರಿಗೆ ಬಹುಮಾನ ಎಂಬುದು ಅದರ ಸಾರ. ಕೇಳಲು ಇದು ಅಸಂಗತವೇನಲ್ಲ. ಮೈಕ್ರೋಕೋಡ್ ಎಂಬುದು ಚಿಪ್‌ನ ಭಾಷೆಯನ್ನು ನಿರ್ಧರಿಸುವ ಪದರವಾಗಿದ್ದರೆ, ಅದನ್ನು ಬದಲಿಸಿದ ಮೇಲೆ ಎಕ್ಸ್86 ಚಿಪ್ (ಇಂಟೆಲ್, ಎಎಮ್‌ಡಿ ಪಿಸಿಗಳ ಆದೇಶಭಾಷೆಯನ್ನು ಆಡುವ ಚಿಪ್; ಜೆನ್ ಕೂಡ ಇದೇ ಬಗೆಯದು) ರಿಸ್ಕ್-ಫೈವ್ ಚಿಪ್ ಆಗಬೇಕು. ಒಂದು ಕಾಲದಲ್ಲಿ ಇದು ನಿಜವಾಗಿಯೂ ನಡೆಯುತ್ತಿತ್ತು; ಕಂಪ್ಯೂಟರ್ ಉದ್ಯಮದ ಅತಿ ದೊಡ್ಡ ಕಂಪನಿ ತನ್ನ ಗ್ರಾಹಕರನ್ನು ಉಳಿಸಿಕೊಂಡದ್ದು ಇದೇ ಉಪಾಯದಿಂದ. ಇಂದಿನ ಚಿಪ್‌ನಲ್ಲಿ ಮಾತ್ರ ಅದು ಸಾಗುವುದಿಲ್ಲ ಎಂದು ನಾನು ಖಚಿತವಾಗಿಯೇ ಹೇಳುತ್ತೇನೆ. ಏಕೆ ಸಾಗುವುದಿಲ್ಲ ಎಂಬುದರಲ್ಲಿ ಎಮ್ಯುಲೇಶನ್‌ನ, ಅಂದರೆ ಒಂದು ಯಂತ್ರ ಇನ್ನೊಂದು ಯಂತ್ರದಂತೆ ನಡೆದುಕೊಳ್ಳುವುದರ, ಸ್ವರೂಪವೇ ಅಡಗಿರುವುದರಿಂದ ವಿಷಯವನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಕೇಂಬ್ರಿಜ್‌ನಲ್ಲಿ ಎಡ್‌ಸ್ಯಾಕ್ ಕಂಪ್ಯೂಟರನ್ನು ಕಟ್ಟಿದ್ದ ಮಾರಿಸ್ ವಿಲ್ಕ್ಸ್ ಅವರನ್ನು ಕಾಡಿದ್ದು ಕಂಪ್ಯೂಟರ್‌ನ ನಿಯಂತ್ರಣ ಭಾಗದ ಅಸ್ತವ್ಯಸ್ತತೆ. ಲೆಕ್ಕ ಮಾಡುವ ಭಾಗ, ನೆನಪಿಟ್ಟುಕೊಳ್ಳುವ ಭಾಗ ಇವೆಲ್ಲ ಒಂದೇ ಬಗೆಯ ಮಂಡಲಗಳನ್ನು ಸಾಲಾಗಿ ಜೋಡಿಸಿದಂತೆ ಅಚ್ಚುಕಟ್ಟಾಗಿರುತ್ತಿದ್ದವು. ಆದರೆ ಯಾವ ಆದೇಶಕ್ಕೆ ಯಾವ ದ್ವಾರ ಯಾವಾಗ ತೆರೆಯಬೇಕೆಂದು ನಿರ್ಧರಿಸುವ ಭಾಗ ಮಾತ್ರ ಪ್ರತಿ ಆದೇಶಕ್ಕೂ ಬೇರೆಬೇರೆಯಾಗಿ ಹೆಣೆದ ತಂತಿಗಳ ಸಿಕ್ಕಾಗಿತ್ತು. 1951ರಲ್ಲಿ ಮ್ಯಾಂಚೆಸ್ಟರ್‌ನ ಸಮ್ಮೇಳನದಲ್ಲಿ ಅವರು ಮುಂದಿಟ್ಟ ಪರಿಹಾರ ಸರಳವಾಗಿತ್ತು. ಆ ಸಿಕ್ಕಿನ ಜಾಗದಲ್ಲಿ ಒಂದು ಚಿಕ್ಕ ಮೆಮೊರಿ ಇಟ್ಟು, ಅದರ ಪ್ರತಿಯೊಂದು ಸಾಲಿನ ಪ್ರತಿ ಬಿಟ್ ಒಂದೊಂದು ದ್ವಾರವನ್ನು ತೆರೆಯುವಂತೆ ಮಾಡಿದರೆ, ‘ಕೂಡಿಸು’ ಎಂಬ ಒಂದು ಆದೇಶ ಆ ಮೆಮೊರಿಯಲ್ಲಿ ನಾಲ್ಕೈದು ಸಾಲುಗಳ ಪುಟ್ಟ ಪ್ರೋಗ್ರಾಮ್ ಆಗುತ್ತದೆ. ಮೊದಲ ಸಾಲು ರಿಜಿಸ್ಟರಿನ (ಲೆಕ್ಕಕ್ಕೆ ಬೇಕಾದ ಸಂಖ್ಯೆಯನ್ನು ಕೈಗೆಟಕುವಂತೆ ಇಡುವ ಪುಟ್ಟ ಜಾಗ) ಮೌಲ್ಯವನ್ನು ಕೂಡುವ ಮಂಡಲವಾದ ಸಂಕಲಕದ ಒಂದು ಬದಿಗೆ ತರುತ್ತದೆ, ಎರಡನೆಯದು ಮೆಮೊರಿಯ ಮೌಲ್ಯವನ್ನು ಇನ್ನೊಂದು ಬದಿಗೆ ತರುತ್ತದೆ, ಮೂರನೆಯದು ಮೊತ್ತವನ್ನು ಮರಳಿ ಬರೆಯುತ್ತದೆ, ಕೊನೆಯದು ಮುಂದಿನ ಆದೇಶವನ್ನು ಕರೆಯುತ್ತದೆ. ಈ ತತ್ತ್ವದ ಮೇಲೆ ಕಟ್ಟಿದ ಎಡ್‌ಸ್ಯಾಕ್-2 1958ರಲ್ಲಿ ಕೆಲಸ ಆರಂಭಿಸಿತು.

ವಿಲ್ಕ್ಸ್ ಅವರ ಉದ್ದೇಶ ವಿನ್ಯಾಸದ ಅಚ್ಚುಕಟ್ಟು. ಆದರೆ ಅವರ ಉಪಾಯದ ಒಳಗೆ ಇನ್ನೊಂದು ಸಾಧ್ಯತೆ ಕುಳಿತಿತ್ತು: ಆದೇಶದ ಅರ್ಥ ತಂತಿಗಳಲ್ಲಿರದೆ ಕೋಷ್ಟಕವೊಂದರಲ್ಲಿದ್ದರೆ, ಕೋಷ್ಟಕ ಬದಲಾದಾಗ ಯಂತ್ರವೂ ಬದಲಾಗುತ್ತದೆ. ಅದು ವ್ಯಾಪಾರದ ವಿಷಯವಾಗಿ ಬಂದದ್ದು 1964ರಲ್ಲಿ.

ಒಂದು ಯಂತ್ರದೊಳಗೆ ಇನ್ನೊಂದು

ಆ ವರ್ಷದ ಏಪ್ರಿಲ್ 7ರಂದು ಐಬಿಎಮ್ ಸಿಸ್ಟಮ್/360 ಸರಣಿಯನ್ನು ಪ್ರಕಟಿಸಿತು. ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲ ಮಾದರಿಗಳೂ ಒಂದೇ ಆದೇಶಭಾಷೆಯನ್ನು ಆಡುತ್ತವೆ ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಚಿಕ್ಕ ಮಾದರಿ 30ರ ಒಳಗಿನ ದಾರಿ ಕೇವಲ 8 ಬಿಟ್ ಅಗಲದ್ದು. 32 ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡಬೇಕಾದರೆ ಅದು ನಾಲ್ಕು ಬೈಟ್‌ಗಳನ್ನು ಒಂದೊಂದಾಗಿ ಕೂಡುತ್ತಿತ್ತು. ಅದನ್ನು ಹೊರಗಿನಿಂದ 32 ಬಿಟ್ ಯಂತ್ರದಂತೆ ತೋರಿಸುತ್ತಿದ್ದದ್ದು ಮೈಕ್ರೋಕೋಡ್. ಅಂದರೆ ಮಾದರಿ 30 ತನ್ನ ‘ಸ್ವಂತ’ ಭಾಷೆಯಾದ 360ನ್ನೇ ಅನುಕರಣೆಯಿಂದ ಆಡುತ್ತಿತ್ತು.

ಐಬಿಎಮ್‌ನ ಕಷ್ಟ ಬೇರೆ ಕಡೆ ಇತ್ತು. 1959ರಲ್ಲಿ ಬಂದ ಅದರ 1401 ಕಂಪ್ಯೂಟರ್ ಮುಂದೆ ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಯಂತ್ರ. ಲೆಕ್ಕಪತ್ರ, ಸಂಬಳ, ದಾಸ್ತಾನುಗಳ ಪ್ರೋಗ್ರಾಮುಗಳೆಲ್ಲ ಅದರ ಭಾಷೆಯಲ್ಲಿದ್ದವು. ಹೊಸ ಸರಣಿಗೂ 1401ಕ್ಕೂ ಏನೇನೂ ಸಂಬಂಧವಿರಲಿಲ್ಲ. 1963ರ ಡಿಸೆಂಬರ್‌ನಲ್ಲಿ ಹನಿವೆಲ್ ಕಂಪನಿ ತನ್ನ 200 ಮಾದರಿಯನ್ನೂ 1401ರ ಪ್ರೋಗ್ರಾಮುಗಳನ್ನು ಅದಕ್ಕೆ ಮಾರ್ಪಡಿಸುವ ‘ಲಿಬರೇಟರ್’ ಎಂಬ ಸಾಫ್ಟ್‌ವೇರನ್ನೂ ಹೊರತಂದಾಗ ಐಬಿಎಮ್‌ನ ಗ್ರಾಹಕರ ಮುಂದೆ ತೆರೆದ ಬಾಗಿಲೊಂದು ಬಂದು ನಿಂತಿತು. ಇದಕ್ಕೆ ಐಬಿಎಮ್ ಕೊಟ್ಟ ಉತ್ತರವೆಂದರೆ ಮಾದರಿ 30ರಲ್ಲಿ 1401ರ ಮೈಕ್ರೋಕೋಡನ್ನೂ ಅಳವಡಿಸಿದ್ದು. ಗ್ರಾಹಕರು ಹಳೆಯ ಪ್ರೋಗ್ರಾಮನ್ನು ಹಾಗೆಯೇ ತಂದು ಹಾಕಿದರೆ ಅದು ಓಡುತ್ತಿತ್ತು, ಅದೂ ಮೂಲ 1401ಕ್ಕಿಂತ ವೇಗವಾಗಿ.

ಈ ಕೆಲಸ ಎಷ್ಟು ಬೇರೆಯ ಲೋಕಗಳನ್ನು ಜೋಡಿಸಬೇಕಾಗಿತ್ತು ಎಂಬುದನ್ನು ಗಮನಿಸಬೇಕು. 1401ರ ಅಕ್ಷರ 6 ಬಿಟ್‌ನದು, ಅದರ ಪಕ್ಕದಲ್ಲಿ ‘ಪದ ಇಲ್ಲಿ ಮುಗಿಯಿತು’ ಎಂದು ತಿಳಿಸುವ ಇನ್ನೊಂದು ಬಿಟ್. ಸಂಖ್ಯೆಗಳಿಗೆ ನಿಶ್ಚಿತ ಅಗಲವೇ ಇಲ್ಲ. ವಿಳಾಸಗಳು ಮೂರು ಅಕ್ಷರಗಳ ದಶಮಾಂಶ ರೂಪದಲ್ಲಿರುತ್ತಿದ್ದವು, ಆದ್ದರಿಂದ 360ರ ದ್ವಿಮಾನ ಮೆಮೊರಿಯಲ್ಲಿ ಒಂದು ಜಾಗವನ್ನು ಮುಟ್ಟಬೇಕಾದಾಗಲೆಲ್ಲ ಆ ವಿಳಾಸವನ್ನು ಪರಿವರ್ತಿಸಬೇಕಾಗಿತ್ತು. ಮಾದರಿ 30ರಲ್ಲಿ ಮೈಕ್ರೋಕೋಡ್ ಇದ್ದದ್ದು ಪಂಚ್ ಕಾರ್ಡಿನ ಅಳತೆಯ, ಮೈಲಾರ್ ಎಂಬ ಪ್ಲಾಸ್ಟಿಕ್‌ನ ಕಾರ್ಡುಗಳಲ್ಲಿ; ತೂತು ಇರುವುದು, ಇಲ್ಲದಿರುವುದು ವಿದ್ಯುತ್ ಧಾರಕತೆಯ ವ್ಯತ್ಯಾಸವಾಗಿ ಓದಲ್ಪಡುತ್ತಿತ್ತು. ಯಂತ್ರದ ಮೂಲ ಸ್ವಭಾವವನ್ನು ಕಾರ್ಡಿನಲ್ಲಿ ತೂತು ಹೊಡೆದು ಬದಲಿಸಬಹುದಾಗಿದ್ದ ಕಾಲ ಅದು. ಇಂದಿನ ಚಿಪ್‌ಗಳ ಮುಂದೆ ಕುಳಿತವರಿಗೆ ಆ ಕಾಲದ ಬಗ್ಗೆ ಸ್ವಲ್ಪ ಅಸೂಯೆ ಹುಟ್ಟಿದರೆ ತಪ್ಪಲ್ಲ.

ಇದು ಏಕೆ ವೇಗವಾಗಿತ್ತು? 1401ರ ಒಂದು ಆದೇಶವನ್ನು 360ರ ಸಾಮಾನ್ಯ ಪ್ರೋಗ್ರಾಮಿನಿಂದ ಅನುಕರಿಸಲು ಹತ್ತಾರು 360 ಆದೇಶಗಳು ಬೇಕು. ಆ ಒಂದೊಂದು ಆದೇಶವೂ ಮಾದರಿ 30ರ ಒಳಗೆ ಮತ್ತೆ ಹಲವು ಸೂಕ್ಷ್ಮ ಆದೇಶಗಳಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬ ದುಭಾಷಿಯ ಮಾತನ್ನು ಇನ್ನೊಬ್ಬ ದುಭಾಷಿ ಅನುವಾದಿಸಿದಂತೆ. ಮೈಕ್ರೋಕೋಡಿನಲ್ಲೇ 1401ನ್ನು ಬರೆದಾಗ ನಡುವಿನ ದುಭಾಷಿ ಎದ್ದು ಹೋದ. ಯಂತ್ರಕ್ಕೆ 360 ಎಷ್ಟು ಪರಕೀಯವೋ 1401 ಕೂಡ ಅಷ್ಟೇ ಪರಕೀಯವಾಗಿತ್ತು ಎಂಬುದು ಈ ಯಶಸ್ಸಿನ ಗುಟ್ಟು.

ದೊಡ್ಡ ಮಾದರಿ 65ರಲ್ಲಿ ಐಬಿಎಮ್‌ನದೇ ಹಳೆಯ ಕಂಪ್ಯೂಟರಾದ 7090ರ ಎಮ್ಯುಲೇಶನ್ ನಡೆದ ರೀತಿ ನನಗೆ ಇದಕ್ಕಿಂತ ಹೆಚ್ಚು ಬೋಧಪ್ರದವೆನಿಸುತ್ತದೆ. 36 ಬಿಟ್ ಪದಗಳ ಆ ವೈಜ್ಞಾನಿಕ ಯಂತ್ರವನ್ನು ಪೂರ್ತಿಯಾಗಿ ಮೈಕ್ರೋಕೋಡಿನಲ್ಲಿ ಬರೆಯಲು ಐಬಿಎಮ್‌ನ ಎಂಜಿನಿಯರ್‌ಗಳು ಹೋಗಲಿಲ್ಲ. ಮೊದಲು ಎಲ್ಲವನ್ನೂ ಸಾಫ್ಟ್‌ವೇರಿನಲ್ಲಿ ಮಾಡಿದರೆ ಸಮಯ ಎಲ್ಲಿ ಸೋರಿಹೋಗುತ್ತದೆ ಎಂದು ಅವರು ನೋಡಿದರು. ಪ್ರತಿ ಆದೇಶಕ್ಕೂ ತಪ್ಪದ ಕೆಲಸವೊಂದಿತ್ತು: ಮುಂದಿನ 7090 ಆದೇಶವನ್ನು ಎತ್ತಿಕೊಳ್ಳುವುದು, ಅದರ ವಿಳಾಸವನ್ನು ಲೆಕ್ಕ ಹಾಕುವುದು, ಅದು ಯಾವ ಆದೇಶವೆಂದು ಗುರುತಿಸಿ ಅದಕ್ಕೆ ಸಂಬಂಧಿಸಿದ ಭಾಗಕ್ಕೆ ಜಿಗಿಯುವುದು. ಇಷ್ಟನ್ನು ಮಾತ್ರ ‘ಡೂ ಇಂಟರ್‌ಪ್ರಿಟಿವ್ ಲೂಪ್’ ಎಂಬ ಒಂದು ಹೊಸ ಆದೇಶವಾಗಿ ಮೈಕ್ರೋಕೋಡಿಗೆ ಸೇರಿಸಿದರು. ಉಳಿದದ್ದರಲ್ಲಿ ಬಹುಭಾಗ ಸಾಫ್ಟ್‌ವೇರಿನಲ್ಲೇ ಉಳಿಯಿತು. ‘ಎಮ್ಯುಲೇಟರ್’ ಎಂಬ ಪದ ಬಳಕೆಗೆ ಬಂದದ್ದೂ ಈ ಕೆಲಸದ ಸುತ್ತಲೇ. ಬರೀ ಸಾಫ್ಟ್‌ವೇರಿನಿಂದ ಮಾಡಿದ್ದನ್ನು ಅವರು ಸಿಮ್ಯುಲೇಶನ್ ಎನ್ನುತ್ತಿದ್ದರು, ಯಂತ್ರದ ಒಳಗಿನ ನೆರವೂ ಸೇರಿದ್ದನ್ನು ಎಮ್ಯುಲೇಶನ್ ಎನ್ನುತ್ತಿದ್ದರು. ಈಗ ಆ ಪದ ಎರಡಕ್ಕೂ ಸಲ್ಲುತ್ತಿರುವುದರಿಂದ ಒಂದು ಉಪಯುಕ್ತ ವ್ಯತ್ಯಾಸ ನಮ್ಮ ಮಾತಿನಿಂದ ಕಳೆದುಹೋಗಿದೆ.

ಮುಂದಿನ ಹದಿನೈದು ವರ್ಷಗಳು ಮೈಕ್ರೋಕೋಡಿನ ಸುಗ್ಗಿಯ ಕಾಲ. ವೆಸ್ಟರ್ನ್ ಡಿಜಿಟಲ್ ತಯಾರಿಸಿದ ಎಮ್‌ಸಿಪಿ-1600 ಎಂಬ ಒಂದೇ ಚಿಪ್ ಸಮೂಹ, ಮೈಕ್ರೋಕೋಡಿನ ಚಿಪ್ ಬದಲಾದಂತೆ, 1975ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಎಲ್‌ಎಸ್‌ಐ-11 ಆಗಿ ಪಿಡಿಪಿ-11ರ ಭಾಷೆಯನ್ನು ಆಡಿತು, ಆಲ್ಫಾ ಮೈಕ್ರೋ ಕಂಪನಿಯ ಯಂತ್ರದಲ್ಲಿ ಅದರ ಹತ್ತಿರದ ಇನ್ನೊಂದು ಭಾಷೆಯನ್ನು ಆಡಿತು, 1979ರ ಪ್ಯಾಸ್ಕಲ್ ಮೈಕ್ರೋಎಂಜಿನ್‌ನಲ್ಲಿ ಪ್ಯಾಸ್ಕಲ್ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಸಾಫ್ಟ್‌ವೇರ್) ಹೊರಡಿಸುವ ಪಿ-ಕೋಡನ್ನೇ ನೇರವಾಗಿ ನಡೆಸಿತು. ಅದೇ 1975ರಲ್ಲಿ ಐಬಿಎಮ್ ತನ್ನ 5100 ಎಂಬ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರಿನಲ್ಲಿ ಎಪಿಎಲ್ ಭಾಷೆಗಾಗಿ 360ರ ಒಂದು ಭಾಗವನ್ನೂ ಬೇಸಿಕ್‌ಗಾಗಿ ಸಿಸ್ಟಮ್/3ನ್ನೂ ಅನುಕರಿಸಿತು. ದೊಡ್ಡ ಯಂತ್ರಗಳಿಗೆಂದು ಬರೆದ ಭಾಷಾ ಪ್ರೋಗ್ರಾಮನ್ನು ಮತ್ತೆ ಬರೆಯುವ ಶ್ರಮ ಅದರಿಂದ ತಪ್ಪಿತು. 1972ರ ಬರೋಸ್ ಬಿ1700 ಕೋಬಾಲ್‌ಗೆ ಒಂದು, ಫೋರ್ಟ್ರಾನ್‌ಗೆ ಒಂದು ಎಂದು ಪ್ರತಿ ಭಾಷೆಗೂ ಬೇರೆ ಬೇರೆ ಯಂತ್ರವಾಗುತ್ತಿತ್ತು. ಜೆರಾಕ್ಸ್‌ನ ಆಲ್ಟೊದಲ್ಲಂತೂ ಮೈಕ್ರೋಕೋಡ್ ಹದಿನಾರು ಕಾರ್ಯಗಳ ನಡುವೆ ಹಂಚಿಹೋಗಿದ್ದು, ಡಿಸ್ಕ್, ಪರದೆ, ಈಥರ್‌ನೆಟ್‌ಗಳ ಕೆಲಸ ಮುಗಿದು ಬಿಡುವಾದಾಗ ಮಾತ್ರ ನಡೆಯುವ ಅತಿ ಕೆಳಗಿನ ಕಾರ್ಯಕ್ಕೆ ‘ಎಮ್ಯುಲೇಟರ್’ ಎಂದೇ ಹೆಸರಿತ್ತು. ನಾವು ಕಂಪ್ಯೂಟರಿನ ಮುಖ್ಯ ಕೆಲಸವೆಂದು ಭಾವಿಸುವ ಪ್ರೋಗ್ರಾಮ್ ಓಡಿಸುವಿಕೆ ಅಲ್ಲಿ ಸರದಿಯ ಕೊನೆಯಲ್ಲಿತ್ತು.

ಈ ಸಾಲಿನ ಕೊನೆಯ ಕಡೆಗೆ ಬಂದ ಒಂದು ವಿಚಿತ್ರ ಯಂತ್ರವನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. 1983ರಲ್ಲಿ ಐಬಿಎಮ್ ಹೊರತಂದ ಎಕ್ಸ್‌ಟಿ/370 ಒಂದು ಮೇಜಿನ ಪಿಸಿ. ಅದರೊಳಗೆ ಹೆಚ್ಚುವರಿಯಾಗಿ ಕೂರಿಸಿದ ಕಾರ್ಡಿನಲ್ಲಿ ಮೋಟೊರೊಲಾದ ಎರಡು 68000 ಚಿಪ್‌ಗಳಿದ್ದವು. ಅವುಗಳಲ್ಲಿ ಒಂದರ ಮೈಕ್ರೋಕೋಡನ್ನು ಕಾರ್ಖಾನೆಯಲ್ಲೇ ಬದಲಿಸಿ ಸಿಸ್ಟಮ್/370ರ ಆದೇಶಗಳನ್ನು ನಡೆಸುವಂತೆ ಮಾಡಲಾಗಿತ್ತು. ಎಕ್ಸ್86 ಚಿಪ್‌ನಲ್ಲಿ ರಿಸ್ಕ್-ಫೈವ್ ಎಂದು ಇಂದು ಕನಸು ಕಾಣುವವರಿಗೆ ಇದಕ್ಕಿಂತ ಹತ್ತಿರದ ಪೂರ್ವಜ ಇಲ್ಲ.

ಅರ್ಥ ನಿರ್ಧಾರವಾಗುವ ಜಾಗ ಬದಲಾಯಿತು

ಮೈಕ್ರೋಕೋಡ್ ಲಾಭದಾಯಕವಾಗಿದ್ದುದಕ್ಕೆ ಆಧಾರ ಒಂದೇ: ಅದನ್ನು ಇಟ್ಟ ಚಿಕ್ಕ ಮೆಮೊರಿ ಮುಖ್ಯ ಮೆಮೊರಿಗಿಂತ ಬೇಗ ಓದಿಸಿಕೊಳ್ಳುತ್ತಿತ್ತು. ಆಗಾಗ ಬೇಕಾಗುವುದನ್ನು ಪ್ರೊಸೆಸರ್‌ನ ಹತ್ತಿರವೇ ಇಟ್ಟುಕೊಳ್ಳುವ ವೇಗದ ಕ್ಯಾಷ್ ಮೆಮೊರಿ ಬಂದ ಮೇಲೆ ಈ ಅಂತರ ಕುಸಿಯಿತು. ಪದೇ ಪದೇ ಬೇಕಾಗುವ ಸಾಮಾನ್ಯ ಪ್ರೋಗ್ರಾಮಿನ ತುಣುಕು ತಾನಾಗಿಯೇ ಕ್ಯಾಷ್‌ಗೆ ಬಂದು ಕೂರುವುದಾದರೆ, ಅದನ್ನು ಮೈಕ್ರೋಕೋಡಿನಲ್ಲಿ ಬರೆದು ಗಳಿಸುವುದೇನು? ಡೇವಿಡ್ ಪ್ಯಾಟರ್ಸನ್ ಮತ್ತು ಡೇವಿಡ್ ಡಿಟ್ಜೆಲ್ 1980ರಲ್ಲಿ ಸರಳ ಆದೇಶಗಳ ಯಂತ್ರದ ಪರವಾಗಿ ವಾದ ಹೂಡಿದಾಗ, ಐಬಿಎಮ್‌ನಲ್ಲಿ ಜಾನ್ ಕಾಕ್ ಅವರ 801 ಯೋಜನೆ ಅದೇ ದಾರಿಯಲ್ಲಿ ಆಗಲೇ ನಡೆದಿತ್ತು. ಆದೇಶಗಳನ್ನು ಮೈಕ್ರೋಕೋಡಿನಷ್ಟೇ ಸರಳಗೊಳಿಸಿ, ಹೆಣೆಯುವ ಕೆಲಸವನ್ನು ಕಂಪೈಲರ್‌ಗೆ ಬಿಟ್ಟುಬಿಡುವುದು ಆ ದಾರಿ; ರಿಸ್ಕ್ ಎಂದು ಕರೆಯುವುದು ಇದನ್ನೇ.

ಎಕ್ಸ್86 ಚಿಪ್‌ಗಳು ಇದಕ್ಕೆ ತಮ್ಮದೇ ರೀತಿಯಲ್ಲಿ ಹೊಂದಿಕೊಂಡವು. 1995ರ ಪೆಂಟಿಯಮ್ ಪ್ರೊ ಆದೇಶಗಳನ್ನು ಒಳಗೆ ಸೂಕ್ಷ್ಮ ಆದೇಶಗಳಾಗಿ ಒಡೆಯುತ್ತಿತ್ತು. ‘ಎಕ್ಸ್86 ಚಿಪ್‌ನ ಒಳಗೆ ಒಂದು ರಿಸ್ಕ್ ಚಿಪ್ ಇದೆ, ಮೇಲಿನ ಹೊದಿಕೆ ಬದಲಿಸಿದರೆ ಸಾಕು’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಮಾತು ಪೂರ್ತಿ ಸುಳ್ಳಲ್ಲ, ಆದರೆ ಹೊದಿಕೆ ಯಾವುದರಿಂದ ಮಾಡಿದ್ದು ಎಂಬುದನ್ನು ಅದು ಮರೆಮಾಚುತ್ತದೆ. ಪೆಂಟಿಯಮ್ ಪ್ರೊದಲ್ಲಿ ಮೂರು ಡಿಕೋಡರ್‌ಗಳಿದ್ದವು, ಅಂದರೆ ಬಂದ ಆದೇಶ ಯಾವುದೆಂದು ಬಿಡಿಸಿ ನೋಡುವ ಭಾಗಗಳು. ಎರಡು ಒಂದೇ ಸೂಕ್ಷ್ಮ ಆದೇಶವಾಗುವ ಸರಳ ಆದೇಶಗಳನ್ನು ನೋಡಿಕೊಳ್ಳುತ್ತಿದ್ದವು, ಇನ್ನೊಂದು ನಾಲ್ಕರವರೆಗೆ ಒಡೆಯುವಂಥವನ್ನು. ಇವೆಲ್ಲ ಸಿಲಿಕಾನ್‌ನಲ್ಲೇ ಹೆಣೆದ ತರ್ಕ. ನಾಲ್ಕನ್ನು ಮೀರುವ ಜಟಿಲ ಆದೇಶಗಳು ಮಾತ್ರ ಮೈಕ್ರೋಕೋಡಿನ ಕಡೆಗೆ ಹೋಗುತ್ತಿದ್ದವು. ಇಂದಿನ ಚಿಪ್‌ಗಳಲ್ಲೂ ವ್ಯವಸ್ಥೆಯ ಸ್ವರೂಪ ಇದೇ. 360ರಲ್ಲಿ ಮೈಕ್ರೋಕೋಡ್ ಮನೆಯ ಯಜಮಾನನಾಗಿದ್ದರೆ, ಇಲ್ಲಿ ಅದು ಅಪರೂಪಕ್ಕೆ ಬಾಗಿಲು ತೆರೆಯುವ ಹಿಂದಿನ ಕೋಣೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ‘10ನೇ ರಿಜಿಸ್ಟರಿಗೆ 5ನೇ ರಿಜಿಸ್ಟರಿನ ಮೌಲ್ಯವನ್ನು ಕೂಡಿಸು’ ಎಂಬ ರಿಸ್ಕ್-ಫೈವ್ ಆದೇಶ ಮೆಮೊರಿಯಲ್ಲಿ 33, 05, 55, 00 ಎಂಬ ನಾಲ್ಕು ಹೆಕ್ಸಾಡೆಸಿಮಲ್ ಬೈಟ್‌ಗಳಾಗಿ ಕೂರುತ್ತದೆ. ಇದೇ ಬೈಟ್‌ಗಳನ್ನು 64 ಬಿಟ್ ಎಕ್ಸ್86 ಚಿಪ್‌ಗೆ ಕೊಟ್ಟರೆ ಅದರ ಡಿಕೋಡರ್ 33 ಎಂಬುದನ್ನು ಎಕ್ಸ್‌ಕ್ಲೂಸಿವ್-ಆರ್ (ಎರಡು ಮೌಲ್ಯಗಳ ಬಿಟ್‌ಗಳನ್ನು ಹೋಲಿಸುವ ಬೇರೆಯೇ ಆದೇಶ) ಎಂದು ಓದುತ್ತದೆ, 05 ಎಂಬುದನ್ನು ‘ಇಲ್ಲಿಂದ ಇಷ್ಟು ದೂರದಲ್ಲಿರುವ ಮೆಮೊರಿ’ ಎಂದು ಓದುತ್ತದೆ. ಆ ದೂರವನ್ನು ಹೇಳಲು ಅದಕ್ಕೆ ಇನ್ನೂ ನಾಲ್ಕು ಬೈಟ್ ಬೇಕು. ಕೈಯಲ್ಲಿರುವುದು 55, 00 ಎರಡೇ. ಹಾಗಾಗಿ ಅದು ಮುಂದಿನ ರಿಸ್ಕ್-ಫೈವ್ ಆದೇಶದ ಮೊದಲ ಎರಡು ಬೈಟ್‌ಗಳನ್ನೂ ನುಂಗಿ, ಒಟ್ಟು ಆರು ಬೈಟ್‌ಗಳ ಒಂದು ಆದೇಶವನ್ನು ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಮುಂದಿನದೆಲ್ಲ ಜಾರಿಹೋದ ಸಾಲು. ಇದಿಷ್ಟೂ ನಡೆಯುವ ಹೊತ್ತಿನಲ್ಲಿ ಮೈಕ್ರೋಕೋಡನ್ನು ಯಾರೂ ಒಂದು ಮಾತೂ ಕೇಳಿರುವುದಿಲ್ಲ, ಏಕೆಂದರೆ ಎಕ್ಸ್‌ಕ್ಲೂಸಿವ್-ಆರ್ ಡಿಕೋಡರ್ ತಾನೇ ನಿಭಾಯಿಸುವ ಸರಳ ಆದೇಶ. ಬೈಟ್‌ಗಳ ಸಾಲನ್ನು ಎಲ್ಲಿ ಕತ್ತರಿಸಬೇಕು, ಕತ್ತರಿಸಿದ ತುಂಡಿನ ಅರ್ಥವೇನು ಎಂಬ ಎರಡೂ ತೀರ್ಮಾನಗಳು ಮೈಕ್ರೋಕೋಡಿಗಿಂತ ಮೊದಲೇ ಆಗಿ ಮುಗಿದಿರುತ್ತವೆ.

ಡಿಕೋಡರನ್ನು ಹೇಗೋ ದಾಟಿದೆವೆಂದುಕೊಂಡರೂ ಮುಂದೆ ಬೇರೆ ಗೋಡೆಗಳಿವೆ. ರಿಸ್ಕ್-ಫೈವ್ 32 ರಿಜಿಸ್ಟರುಗಳನ್ನು ಹೆಸರಿಸುತ್ತದೆ, ಅವುಗಳಲ್ಲಿ ಒಂದು ಸದಾ ಸೊನ್ನೆ; ಜೆನ್‌ನ ಎಕ್ಸ್86 ಭಾಷೆ ಹೆಸರಿಸುವುದು 16 ಸಾಮಾನ್ಯ ರಿಜಿಸ್ಟರುಗಳನ್ನು. ವರ್ಚುವಲ್ ವಿಳಾಸವನ್ನು ನಿಜವಾದ ವಿಳಾಸಕ್ಕೆ ಬದಲಿಸುವ ಪುಟಕೋಷ್ಟಕಗಳ ರಚನೆ ಎರಡರಲ್ಲೂ ಬೇರೆ. ಇವುಗಳಿಗಿಂತ ಲೌಕಿಕವಾದ ಅಡ್ಡಿ ಜಾಗದ್ದು. ಮೈಕ್ರೋಕೋಡಿನ ಬಹುಪಾಲು ಚಿಪ್‌ನಲ್ಲಿ ಅಳಿಸಲಾಗದ, ಓದಲು ಮಾತ್ರ ಬರುವ ಮೆಮೊರಿಯಲ್ಲಿ (ರೋಮ್) ಅಚ್ಚಾಗಿರುತ್ತದೆ. ತಿದ್ದುಪಡಿಗೆಂದು ಇರುವುದು ಕೆಲವು ನೂರು ಸೂಕ್ಷ್ಮ ಆದೇಶಗಳಷ್ಟು ಹಿಡಿಯುವ ಚಿಕ್ಕ ಮೆಮೊರಿ ಮತ್ತು ‘ಇಂಥ ಸಾಲಿಗೆ ಬಂದಾಗ ಅದನ್ನು ಬಿಟ್ಟು ಇಲ್ಲಿಗೆ ಬಾ’ ಎಂದು ತಿರುಗಿಸುವ ಬೆರಳೆಣಿಕೆಯ ಹೋಲಿಕೆ ರಿಜಿಸ್ಟರುಗಳು. ವಿದ್ಯುತ್ ನಿಂತರೆ ತಿದ್ದುಪಡಿಯೂ ಹೋಯಿತು. ಯಂತ್ರ ಪ್ರತಿ ಸಲ ಎದ್ದಾಗಲೂ ಬಯೋಸ್ ಅಥವಾ ಆಪರೇಟಿಂಗ್ ಸಿಸ್ಟಮ್ ಅದನ್ನು ಮತ್ತೆ ತುಂಬಬೇಕು. ಈ ಸೌಲಭ್ಯ ಹುಟ್ಟಿದ ಸಂದರ್ಭವನ್ನು ನೆನೆದರೆ ಅದರ ಇತಿಮಿತಿ ಅರ್ಥವಾಗುತ್ತದೆ. 1994ರಲ್ಲಿ ಪೆಂಟಿಯಮ್‌ನ ಭಾಗಾಕಾರದ ದೋಷ ಬಯಲಾಗಿ, ಚಿಪ್‌ಗಳನ್ನು ಬದಲಿಸಿಕೊಡುವ ಬಾಬ್ತಿಗೆ ಇಂಟೆಲ್ 475 ಮಿಲಿಯನ್ ಡಾಲರ್ ತೆಗೆದಿಡಬೇಕಾಯಿತು. ಮರುವರ್ಷದ ಪೆಂಟಿಯಮ್ ಪ್ರೊ ಮೈಕ್ರೋಕೋಡ್ ತಿದ್ದುಪಡಿಯ ವ್ಯವಸ್ಥೆಯೊಂದಿಗೇ ಬಂತು. ತೇಪೆ ಹಾಕಲು ಬೇಕಾದಷ್ಟು ಬಟ್ಟೆಯಲ್ಲಿ ಹೊಸ ಅಂಗಿ ಹೊಲಿಯಲಾಗದು.

ಹಾಗಿದ್ದರೆ 7090ರ ಜಾಣ ದಾರಿಯನ್ನೇ ಹಿಡಿದು, ಜೆನ್‌ನಲ್ಲಿ ಯಾರೂ ಬಳಸದ ಒಂದು ಜಟಿಲ ಆದೇಶವನ್ನು ಆರಿಸಿ ಅದನ್ನು ‘ಮುಂದಿನ ರಿಸ್ಕ್-ಫೈವ್ ಆದೇಶವನ್ನು ಎತ್ತಿ, ಬಿಡಿಸಿ, ಜಿಗಿ’ ಎಂದು ಬದಲಿಸಬಾರದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಮತ್ತು ಈ ಮಟ್ಟಿನ ಪ್ರಯೋಗ ತಾತ್ತ್ವಿಕವಾಗಿ ಸಾಧ್ಯ. ಆದರೆ ಅದರಿಂದ ವೇಗ ಸಿಗುವುದಿಲ್ಲ. ಮಾದರಿ 65ರಲ್ಲಿ ಮೈಕ್ರೋಕೋಡಿಗೆ ಇಳಿದಾಗ ಒಂದು ಪದರ ಕಡಿಮೆಯಾಗುತ್ತಿತ್ತು. ಇಂದಿನ ಚಿಪ್‌ನಲ್ಲಿ ಸಾಮಾನ್ಯ ಆದೇಶಗಳೇ ಒಂದು ಗಡಿಯಾರದ ಬಡಿತಕ್ಕೆ ಹಲವಾರು ಸಾಗುವ ರಾಜಮಾರ್ಗ. ಮೈಕ್ರೋಕೋಡಿಗೆ ಹೊರಳುವುದೆಂದರೆ ಆ ಸಾಲನ್ನು ತಡೆದು ಪಕ್ಕದ ಓಣಿಗೆ ಇಳಿಯುವುದು. ಅದಕ್ಕಿಂತ ಮುಖ್ಯವಾಗಿ, 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಎಮು ಎಂಬ ಎಮ್ಯುಲೇಟರಿನಂಥ ಸಾಫ್ಟ್‌ವೇರ್ ಪ್ರತಿ ಸಲವೂ ಆದೇಶವನ್ನು ಬಿಡಿಸುತ್ತ ಕೂರುವುದಿಲ್ಲ. ಒಂದು ತುಣುಕನ್ನು ಒಮ್ಮೆ ಅನುವಾದಿಸಿಟ್ಟುಕೊಂಡು, ಆ ತುಣುಕು ಲಕ್ಷ ಸಲ ಬಂದರೆ ಲಕ್ಷ ಸಲವೂ ಆ ಅನುವಾದವನ್ನೇ ಓಡಿಸುತ್ತದೆ. ಎತ್ತುವ, ಬಿಡಿಸುವ, ಜಿಗಿಯುವ ಕೆಲಸವೇ ಉಳಿಯದಿದ್ದಾಗ ಅದನ್ನು ವೇಗಗೊಳಿಸುವ ಆದೇಶ ಯಾರಿಗೆ ಬೇಕು?

ಇದಕ್ಕೆ ಇಂಟೆಲ್‌ನ ಅನುಭವವೇ ಸಾಕ್ಷಿ. 2001ರಲ್ಲಿ ಬಂದ ಇಟಾನಿಯಮ್ ಚಿಪ್‌ನಲ್ಲಿ ಹಳೆಯ ಎಕ್ಸ್86 ಪ್ರೋಗ್ರಾಮುಗಳಿಗಾಗಿ ಪ್ರತ್ಯೇಕ ಹಾರ್ಡ್‌ವೇರ್ ಇತ್ತು. ಕೆಲವು ವರ್ಷಗಳ ನಂತರ ಅದೇ ಕೆಲಸಕ್ಕೆ ಬರೆದ ಸಾಫ್ಟ್‌ವೇರ್ ಅನುವಾದಕ ಆ ಹಾರ್ಡ್‌ವೇರನ್ನು ಹಿಂದೆ ಹಾಕಿತು. 2006ರ ಮಾಂಟೆಸಿಟೊ ಆವೃತ್ತಿಯಲ್ಲಿ ಹಾರ್ಡ್‌ವೇರ್ ಭಾಗವನ್ನೇ ಕಿತ್ತುಹಾಕಲಾಯಿತು.

ಆದರೆ ಸಾಫ್ಟ್‌ವೇರ್ ಎಲ್ಲವನ್ನೂ ಗೆದ್ದಿತು ಎಂದು ಹೇಳಿ ನಿಲ್ಲಿಸುವುದೂ ಸರಿಯಲ್ಲ. 2000ದ ಜನವರಿಯಲ್ಲಿ ಟ್ರಾನ್ಸ್‌ಮೆಟಾ ಕಂಪನಿ ಪ್ರಕಟಿಸಿದ ಕ್ರೂಸೋ ಚಿಪ್‌ಗೆ ಎಕ್ಸ್86 ಭಾಷೆ ಬರುತ್ತಲೇ ಇರಲಿಲ್ಲ, ಅನುವಾದವೆಲ್ಲ ಸಾಫ್ಟ್‌ವೇರಿನದು. ಹಾರ್ಡ್‌ವೇರಿನಿಂದ ಅದು ಕೇಳಿಕೊಂಡದ್ದು ಒಂದು ನೆರವನ್ನು: ಅನುವಾದಿತ ತುಣುಕು ಊಹೆಯ ಮೇಲೆ ಮುಂದೆ ನುಗ್ಗಿದಾಗ ಊಹೆ ತಪ್ಪಾದರೆ ರಿಜಿಸ್ಟರುಗಳನ್ನೂ ಮೆಮೊರಿಗೆ ಬರೆಯಲು ಕಾದಿದ್ದ ಮೌಲ್ಯಗಳನ್ನೂ ಒಂದೇ ಏಟಿಗೆ ಹಿಂದಿನ ಸ್ಥಿತಿಗೆ ತರುವ ಸೌಲಭ್ಯ. 2020ರ ನವೆಂಬರ್‌ನಲ್ಲಿ ಬಂದ ಆ್ಯಪಲ್ ಎಮ್1 ಇದೇ ಮನೆತನದ್ದು. ಚಿಪ್‌ನ ಒಂದು ಕೋರ್ (ಆದೇಶ ನಡೆಸುವ ಸ್ವತಂತ್ರ ಘಟಕ) ಮೆಮೊರಿಗೆ ಬರೆದದ್ದು ಇತರ ಕೋರ್‌ಗಳಿಗೆ ಬರೆದ ಕ್ರಮದಲ್ಲೇ ಕಾಣುತ್ತದೆಂದು ಎಕ್ಸ್86 ಮಾತು ಕೊಡುತ್ತದೆ. ಎಮ್1 ಆಡುವ ಆರ್ಮ್ ಆದೇಶಭಾಷೆ ಹಾಗೆ ಮಾತು ಕೊಡುವುದಿಲ್ಲ. ಎಕ್ಸ್86 ಪ್ರೋಗ್ರಾಮುಗಳನ್ನು ಆರ್ಮ್‌ಗೆ ತರುವ ಆ್ಯಪಲ್‌ನ ರೊಸೆಟಾ-2 ಅನುವಾದಕ ಆ ಕ್ರಮವನ್ನು ಬರೀ ಸಾಫ್ಟ್‌ವೇರಿನಿಂದ ಕಾಪಾಡಬೇಕಾಗಿದ್ದರೆ ಮೆಮೊರಿಯನ್ನು ಮುಟ್ಟುವ ಹೆಜ್ಜೆ ಹೆಜ್ಜೆಗೂ ತಡೆ ಹಾಕಬೇಕಾಗುತ್ತಿತ್ತು, ವೇಗ ಮಣ್ಣುಪಾಲಾಗುತ್ತಿತ್ತು. ಆ್ಯಪಲ್ ತನ್ನ ಕೋರ್‌ಗೆ ಎಕ್ಸ್86 ಕ್ರಮವನ್ನು ಪಾಲಿಸುವ ಒಂದು ವಿಧಾನವನ್ನು ಸೇರಿಸಿ, ಅನುವಾದಿತ ಪ್ರೋಗ್ರಾಮ್ ಓಡುವಾಗ ಅದನ್ನು ಚಾಲೂ ಮಾಡಿತು. 1960ರ ದಶಕದ ‘ಡೂ ಇಂಟರ್‌ಪ್ರಿಟಿವ್ ಲೂಪ್’, ಕ್ರೂಸೋದ ಹಿಂತೆಗೆತ, ಎಮ್1ರ ಮೆಮೊರಿ ಕ್ರಮ ಈ ಮೂರರ ಹಿಂದೆಯೂ ಒಂದೇ ಲೆಕ್ಕಾಚಾರವಿದೆ: ಪರಕೀಯ ಯಂತ್ರದ ಯಾವ ಒಂದು ಗುಣ ಸಾಫ್ಟ್‌ವೇರಿಗೆ ತೀರ ದುಬಾರಿಯೋ ಅದನ್ನು ಹುಡುಕಿ, ಅಷ್ಟನ್ನು ಮಾತ್ರ ಹಾರ್ಡ್‌ವೇರಿಗೆ ವಹಿಸುವುದು. ಆ ಗುಣ ಕಾಲದಿಂದ ಕಾಲಕ್ಕೆ ಬದಲಾಗಿದೆ. ರಿಸ್ಕ್-ಫೈವ್ ಪ್ರೋಗ್ರಾಮನ್ನು ಎಕ್ಸ್86 ಮೇಲೆ ಓಡಿಸುವವರಿಗಂತೂ ಮೆಮೊರಿ ಕ್ರಮದ ಈ ತೊಡಕೂ ಇಲ್ಲ, ಏಕೆಂದರೆ ರಿಸ್ಕ್-ಫೈವ್ ಕೇಳುವುದಕ್ಕಿಂತ ಕಟ್ಟುನಿಟ್ಟಾದ ಕ್ರಮವನ್ನು ಎಕ್ಸ್86 ಈಗಾಗಲೇ ಪಾಲಿಸುತ್ತದೆ.

ಹಾಗಾದರೆ ಎಂಟ್ರಿಸೈನ್ ತೆರೆದದ್ದು ಏನನ್ನು?

ದೋಷದ ಕಥೆಯೇ ಸ್ವಾರಸ್ಯಕರ. ಮೈಕ್ರೋಕೋಡ್ ತಿದ್ದುಪಡಿಗೆ ತಯಾರಕರ ಡಿಜಿಟಲ್ ಸಹಿ ಇರಬೇಕು. ಸಹಿಯನ್ನು ಪರೀಕ್ಷಿಸುವ ಕೀಲಿ ತಿದ್ದುಪಡಿಯ ಜೊತೆಯಲ್ಲೇ ಬರುತ್ತದೆ. ಅದು ಅಸಲಿ ಕೀಲಿಯೇ ಎಂದು ತಿಳಿಯಲು ಚಿಪ್ ಅದರ ಸಾರಾಂಶವನ್ನು ತನ್ನಲ್ಲಿರುವ ಸಾರಾಂಶದೊಂದಿಗೆ ಹೋಲಿಸುತ್ತದೆ. ಈ ಸಾರಾಂಶ ತೆಗೆಯಲು ಬಳಸಿದ ಎಇಎಸ್-ಸಿಮ್ಯಾಕ್ ವಿಧಾನ ಗುಟ್ಟಿನ ಕೀಲಿಯೊಂದು ಗುಟ್ಟಾಗಿಯೇ ಇದ್ದಾಗ ಮಾತ್ರ ಭದ್ರ. ಆ ಗುಟ್ಟು ಗೊತ್ತಾದವರು ಅದೇ ಸಾರಾಂಶ ಬರುವ ಬೇರೆ ಕೀಲಿಯನ್ನು ಸೃಷ್ಟಿಸಬಲ್ಲರು. ಸಂಶೋಧಕರು ನೋಡಿದಾಗ ಅಲ್ಲಿ ಬಳಸಿದ್ದ ಗುಟ್ಟಿನ ಕೀಲಿ ಅಮೆರಿಕದ ಮಾನಕ ಸಂಸ್ಥೆ ತನ್ನ ದಾಖಲೆಯಲ್ಲಿ ಉದಾಹರಣೆಗೆಂದು ಅಚ್ಚು ಹಾಕಿದ್ದ ಕೀಲಿಯೇ ಆಗಿತ್ತು. ಬೀಗದ ಕಂಪನಿಯ ಕೈಪಿಡಿಯಲ್ಲಿ ಚಿತ್ರ ಬರೆದು ತೋರಿಸಿದ ಕೀಲಿಯನ್ನೇ ಮನೆಗೆ ಹಾಕಿಸಿಕೊಂಡಂತೆ.

ಇದರ ಅಪಾಯ ಸಾಮಾನ್ಯ ಬಳಕೆದಾರರಿಗಿಂತ ಹೆಚ್ಚಾಗಿ ತಟ್ಟುವುದು ಬಾಡಿಗೆ ಸರ್ವರ್‌ಗಳಿಗೆ. ಮೈಕ್ರೋಕೋಡ್ ತುಂಬಲು ಆಪರೇಟಿಂಗ್ ಸಿಸ್ಟಮ್‌ನ ಅತ್ಯುನ್ನತ ಅಧಿಕಾರ ಬೇಕು. ಅದು ಈಗಾಗಲೇ ದಾಳಿಕೋರರ ಕೈಯಲ್ಲಿದ್ದರೆ ಸಾಮಾನ್ಯ ಯಂತ್ರದಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಆದರೆ ಯಂತ್ರದ ಮಾಲೀಕರಿಂದಲೂ ಬಾಡಿಗೆದಾರರ ಮಾಹಿತಿಯನ್ನು ಮರೆಮಾಡುತ್ತೇವೆ ಎಂದು ಚಿಪ್ ತಯಾರಕರೇ ಭರವಸೆ ಕೊಡುವ ಗೋಪ್ಯ ಗಣನೆಯ ವ್ಯವಸ್ಥೆಗಳಲ್ಲಿ ಮಾಲೀಕರ ಕೈಗೆ ಮೈಕ್ರೋಕೋಡ್ ಸಿಕ್ಕರೆ ಭರವಸೆಯ ಬುಡವೇ ಕುಸಿಯುತ್ತದೆ. ಎಎಮ್‌ಡಿ ಹೊಸ ತಿದ್ದುಪಡಿಗಳನ್ನು ಕೊಟ್ಟಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೂಡ ಎಎಮ್‌ಡಿಯ ಪರಿಚಿತ ತಿದ್ದುಪಡಿಗಳ ಸಾರಾಂಶಗಳ ಪಟ್ಟಿಯನ್ನು ಇಟ್ಟುಕೊಂಡು, ಪಟ್ಟಿಯಲ್ಲಿಲ್ಲದ್ದನ್ನು ನಿರಾಕರಿಸತೊಡಗಿತು.

ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುವುದು ಇನ್ನೊಂದು ದಿಕ್ಕು. 2017ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ತಂಡ, ತಿದ್ದುಪಡಿಗೆ ಬಲವಾದ ಸಹಿಯ ಕಾವಲಿಲ್ಲದ ಎಎಮ್‌ಡಿಯ ಹಳೆಯ ಕೆ8 ಮತ್ತು ಕೆ10 ಚಿಪ್‌ಗಳ ಮೈಕ್ರೋಕೋಡನ್ನು ಬಿಡಿಸಿ ಓದಿತು. ಮೂರು ಸೂಕ್ಷ್ಮ ಆದೇಶಗಳು, ಅವುಗಳ ಜೊತೆ ಮುಂದೆಲ್ಲಿಗೆ ಹೋಗಬೇಕೆಂದು ಹೇಳುವ ಒಂದು ಪದ ಎಂಬ ಅದರ ಕಟ್ಟು ಹೊರಜಗತ್ತಿಗೆ ತಿಳಿಯಿತು. 2020ರಲ್ಲಿ ಮಾರ್ಕ್ ಎರ್ಮೊಲೊವ್, ಮ್ಯಾಕ್ಸಿಮ್ ಗೊರ್ಯಾಚಿ ಮತ್ತು ದ್ಮಿತ್ರಿ ಸ್ಕ್ಲ್ಯಾರೊವ್ ಇಂಟೆಲ್‌ನ ಗೋಲ್ಡ್‌ಮಾಂಟ್ ಚಿಪ್‌ನಿಂದ ಮೈಕ್ರೋಕೋಡಿನ ಗೂಢಲಿಪಿಯ ಕೀಲಿಯನ್ನು ಹೊರತೆಗೆದರು. ಒಂದು ಆದೇಶ ನಡೆದಾಗಲೆಲ್ಲ ಲೆಕ್ಕ ಇಡುವುದು, ಅಪಾಯಕಾರಿ ಆದೇಶಗಳ ಮುಂದೆ ಪರೀಕ್ಷೆಯೊಂದನ್ನು ಸೇರಿಸುವುದು, ತಯಾರಕರ ತಿದ್ದುಪಡಿ ನಿಜಕ್ಕೂ ಏನು ಮಾಡುತ್ತದೆಂದು ಪರಿಶೀಲಿಸುವುದು ಇಂಥ ಕೆಲಸಗಳಿಗೆ ಕೆಲವು ನೂರು ಸೂಕ್ಷ್ಮ ಆದೇಶಗಳ ಜಾಗ ಧಾರಾಳವಾಗಿ ಸಾಕು.

ಬೇರೆ ಯಂತ್ರವಾಗುವ ಆಸೆ ಉಳಿದವರಿಗೆ ಇರುವ ದಾರಿ ಎಫ್‌ಪಿಜಿಎ, ಅಂದರೆ ತರ್ಕದ ಜೋಡಣೆಯನ್ನೇ ಮತ್ತೆ ಮತ್ತೆ ಬದಲಿಸಬಹುದಾದ ಚಿಪ್. ಡಿಕೋಡರ್, ರಿಜಿಸ್ಟರು, ವಿಳಾಸ ಪರಿವರ್ತನೆ ಎಲ್ಲವೂ ಅಲ್ಲಿ ತಿದ್ದಬಹುದಾದ ವಸ್ತುಗಳೇ. ಅಲ್ಲಿ ಹಳೆಯ ಮೈಕ್ರೋಕೋಡ್ ತಲೆಕೆಳಗಾದ ರೀತಿಯಲ್ಲಿ ಮರಳಿ ಬಂದಿರುವುದು ವಿಶೇಷ. ಇಂಟೆಲ್ 8086ರ ಸಿಲಿಕಾನ್ ತುಣುಕಿನ ಛಾಯಾಚಿತ್ರಗಳಿಂದ 512 ಸಾಲುಗಳ, ಸಾಲಿಗೆ 21 ಬಿಟ್‌ಗಳ ಅದರ ಮೈಕ್ರೋಕೋಡನ್ನು ಆಂಡ್ರ್ಯೂ ಜೆನ್ನರ್ 2020ರಲ್ಲಿ ಓದಿ ಬಿಡಿಸಿದರು. ಎಕ್ಸ್‌ಟಿ/370ಗಾಗಿ ಐಬಿಎಮ್ ಬದಲಿಸಿದ್ದ ಅದೇ 68000ದಲ್ಲಿ ಮೈಕ್ರೋಕೋಡ್ ಎರಡು ಹಂತಗಳಲ್ಲಿದೆ: 17 ಬಿಟ್‌ಗಳ 544 ಸಾಲುಗಳು ಮೇಲೆ, ಅವು ಕರೆಯುವ 68 ಬಿಟ್‌ಗಳ 336 ಸಾಲುಗಳು ಕೆಳಗೆ. ಹಳೆಯ ಕಂಪ್ಯೂಟರುಗಳನ್ನು ಎಫ್‌ಪಿಜಿಎಯಲ್ಲಿ ಮರುಕಟ್ಟುವ ಮಿಸ್ಟರ್ ಯೋಜನೆಯಲ್ಲಿ ಬಳಕೆಯಾಗುವ ಎಫ್‌ಎಕ್ಸ್68ಕೆ ಎಂಬ ವಿನ್ಯಾಸ ಮೂಲ ಚಿಪ್‌ನ ಈ ಮೈಕ್ರೋಕೋಡನ್ನೇ ಇಟ್ಟುಕೊಂಡಿದೆ. ಹೊಸದಾಗಿ ಹೆಣೆದದ್ದು ಅದಕ್ಕೆ ಬಗ್ಗಿ ನಡೆಯುವ ಸುತ್ತಲಿನ ಯಂತ್ರವನ್ನು.